ಮಂಕಾದ ಬಲ್ಬು

ನಮ್ಮ ಕಾಮಸಮುದ್ರದಲ್ಲಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೇ ಶುರುವಾಗುತ್ತಿದ್ದವು. ಆ ಕ್ಷಣ ಮನೆಯ ಬಲ್ಬು ಎಣ್ಣೆ ದೀಪದಷ್ಟು ಮಂಕಾಗುತ್ತಿತ್ತು. "ಯಾಕಮ್ಮಾ ಹೀಗಾಗುತ್ತೆ?" ಎಂದು ಏಳನೇ ಕ್ಲಾಸಿನ ಮಗಳು ಒಮ್ಮೆ ಕೇಳಿದಳು. ಒಲೆಯ ಮೇಲೆ ಸಾರು, ಮುಂದೆ ಉತ್ತರಪತ್ರಿಕೆಗಳ ಕಟ್ಟು. "ಸುಮ್ಮನೆ ಓದೇ" ಎಂದು ಗದರಿದೆ. ಶಾಲೆಯಲ್ಲಿ "ಪ್ರಶ್ನೆ ಕೇಳಿ ಮಕ್ಕಳೇ" ಎನ್ನುವವಳೂ ನಾನೇ.

ಈಗ ಅವಳು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ರೂಪಿಸುವ ಕೆಲಸದಲ್ಲಿದ್ದಾಳೆ. ಯಾರಾದರೂ ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಮುಗಿಸುತ್ತಿದ್ದೆ. ಕಳೆದ ಯುಗಾದಿಗೆ ಬಂದಾಗ ಮುಖ ಬಾಡಿತ್ತು. ಹೊಸ ಬೋರ್ಡಿನ ಚಿಪ್ಪು ಜೋರಾಗಿ ಕೆಲಸ ಶುರುಮಾಡಿದಾಗಲೆಲ್ಲ ನಿಂತುಹೋಗುತ್ತಿತ್ತಂತೆ. ಲೆಕ್ಕ ಇವಳದು. "ಕೆಲಸ ಬಿಡ್ತೀನಮ್ಮಾ" ಎಂದಳು.

"ಮೊದಲು ಏನದು ಅಂತ ಹೇಳು" ಎಂದೆ.

ಅಡುಗೆಮನೆಯಲ್ಲಿ ಸಾಲಾಗಿ ನೀರು ತುಂಬಿಟ್ಟಿದ್ದೆ. ಅದನ್ನೇ ತೋರಿಸಿದಳು. "ಬೋರ್‌ವೆಲ್ ದೂರದಲ್ಲಿದೆ. ನೆಂಟರೆಲ್ಲ ಒಮ್ಮೆಗೇ ನೀರು ಕೇಳಿದರೆ ಮೋಟರ್ ಹಾಕಿ ಕಾಯೋಕಾಗುತ್ತಾ? ಅದಕ್ಕೇ ಅಲ್ವಾ ಅಂಗಳದಲ್ಲಿ ಸಂಪು, ಇಲ್ಲಿ ಬಿಂದಿಗೆ, ಕೈಗೆ ಚೊಂಬು?" ಬೋರ್ಡಿನಲ್ಲೂ ಹಾಗೆಯೇ. ಕರೆಂಟು ಕೊಡುವ ರೆಗ್ಯುಲೇಟರ್ ಬೋರ್‌ವೆಲ್. ದೊಡ್ಡ ಕೆಪಾಸಿಟರ್ ಸಂಪು. ಚಿಪ್ಪಿನ ಸುತ್ತಲ ಪುಟ್ಟ ಕೆಪಾಸಿಟರ್‌ಗಳು ಬಿಂದಿಗೆ. ಚಿಪ್ಪಿನೊಳಗೇ ಇರುವುದು ಚೊಂಬು. ಒಂದು ವೋಲ್ಟಿನ ಚಿಪ್ಪು ಶೇಕಡಾ 5ರಷ್ಟು, ಅಂದರೆ 0.05 ವೋಲ್ಟಿನ ಏರಿಳಿತ ತಾಳುತ್ತದೆ ಎನ್ನೋಣ. ಅದು ಥಟ್ಟನೆ 50 ಆಂಪಿಯರ್ ಹೆಚ್ಚಿಗೆ ಕೇಳಿದರೆ ದಾರಿಯ ಅಡಚಣೆ 0.001 ಓಮ್ ಮೀರಬಾರದು.

"ಹಾಗಾದರೆ ಇನ್ನಷ್ಟು ಬಿಂದಿಗೆ ಇಟ್ಟರಾಯಿತು" ಎಂದೆ.

"ಅಷ್ಟೇ ಸಾಲದು. ಅಳತೆ ಹೊಂದದಿದ್ದರೆ, ಯಾವುದೋ ಒಂದು ಲಯದಲ್ಲಿ ಜೋಕಾಲಿ ಜೀಕಿದ ಹಾಗೆ ವೋಲ್ಟೇಜು ತೂಗಾಡುತ್ತೆ." ಅದಕ್ಕೇ ಬೋರ್ಡು ಮಾಡುವ ಮೊದಲೇ ಇಡೀ ದಾರಿಯ ನಮೂನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುತ್ತಾರಂತೆ. ಇವಳು ಬೋರ್ಡನ್ನೆಲ್ಲ ಲೆಕ್ಕಕ್ಕೆ ಹಿಡಿದು, ಚಿಪ್ಪಿನ ಹೊದಿಕೆಯೊಳಗಿನ ಕೂದಲೆಳೆಯಂಥ ತಂತಿಗಳನ್ನು ಬಿಟ್ಟಿದ್ದಳು.

"1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ಕರೆಂಟು ತಂದರು ಕಣೇ. ದಾರಿಯಲ್ಲಿ ಸೋರಿಹೋಗದಿರಲಿ ಅಂತ 35,000 ವೋಲ್ಟಿಗೆ ಏರಿಸಿ ಕಳಿಸಿದರು. ನೀನು ಒಂದು ಇಂಚಿಗೆ ಹೆದರ್ತೀಯಾ?"

"ಆ ಕೊನೇ ಇಂಚೇ ಕಷ್ಟ ಕಣಮ್ಮಾ" ಎಂದು ನಕ್ಕಳು. ಬಂದ ಮೇಲೆ ಅದೇ ಮೊದಲ ನಗು.

ಸೋಮವಾರ ಬೆಳಗಿನ ರೈಲಿಗೆ ಹೋದಳು. ಕೆಲಸ ಬಿಡಲಿಲ್ಲ. ಎರಡು ತಿಂಗಳ ಮೇಲೆ ಫೋನ್ ಮಾಡಿ, "ಬೋರ್ಡು ಸರಿಹೋಯ್ತಮ್ಮಾ" ಎಂದಳು.

"ಅವತ್ತು ನಾನು ಗದರಿದ್ದು ನೆನಪಿದೆಯಾ?" ಎಂದು ಕೇಳಿಯೇಬಿಟ್ಟೆ.

"ಇದೆ. ನೀನು ಉತ್ತರ ಹೇಳಿದ್ದರೆ ಮರೆತೇಬಿಡ್ತಿದ್ದೆನೋ ಏನೋ."

ಅದು ಅವಳ ಒಳ್ಳೆಯತನ. ಗದರಿಸಿಕೊಂಡ ಮಕ್ಕಳೆಲ್ಲ ಪ್ರಶ್ನೆಯನ್ನು ಹಾಗೆ ಜೋಪಾನವಾಗಿ ಇಟ್ಟುಕೊಳ್ಳುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದು ಗೊತ್ತು.