ಮಾಮಾವರು ಯಾಕ ನಿಂತ್ರು?

ನಮ್ಮ ಮಾಮಾವರಿಗೆ 81 ನಡದಾಗ ಸಹಸ್ರಚಂದ್ರ ದರ್ಶನ ಶಾಂತಿ ಮಾಡಿದ್ವಿ. ಮರುವರ್ಷನ ಅವರು ಹೋಗಿಬಿಟ್ರು. ಶಾಂತಿದು 40 ನಿಮಿಷದ ವಿಡಿಯೋ ಅದ. ಅದರ ಕಡೀಗೆ ಮಾಮಾವರು ನಾಲ್ಕು ಮಾತು ಆಡ್ಯಾರ. ಅವತ್ತ ಮಂದಿ ಗದ್ದಲದಾಗ, ಅದರಾಗೂ ಕಿವಿ ಮಂದ ಇದ್ದ ನಮ್ಮ ಅತ್ತಿಯವರಿಗೆ, ಅದು ಕೇಳಿಸಿರಲಿಲ್ಲ. ವಿಡಿಯೋದವರು ಮಾಮಾವರ ಶಲ್ಯಕ್ಕ ಸಣ್ಣ ಮೈಕ್ ಸಿಗಿಸಿದ್ರು ಅಂತ ನಮಗ ಆಮ್ಯಾಲೆ ಗೊತ್ತಾತು.

"ಅವರೇನಂದ್ರು ಅಂತ ನಾ ಒಮ್ಮೆ ಕೇಳಬೇಕವಾ" ಅಂದ್ರು ಅತ್ತಿಯವರು. ಕಣ್ಣೂ ಮಂದ, ಫೋನಿನಾಗ ಕಾಣೂದಿಲ್ಲ. ಪಡಸಾಲಿ ಟಿ.ವಿ.ನ ಬೇಕು. ವಿಡಿಯೋ ಇದ್ದದ್ದು ಮ್ಯಾಲಿನ ಖೋಲಿ ಲ್ಯಾಪ್‌ಟಾಪಿನಾಗ. ವೈಫೈ ಮ್ಯಾಲೆ ಹಚ್ಚಿದೆ. ಮೂರು ನಿಮಿಷ ಓಡಿ ನಿಂತಿತು. ಬಿಳೇ ಚಕ್ರ ಗಿರಗಿರ. ಮತ್ತ ಒಂದು ನಿಮಿಷ ಓಡ್ತು, ಮತ್ತ ಚಕ್ರ. ಆಮ್ಯಾಲೆ ಪೂರ್ತಿ ಬಂದ್.

ಪೆನ್‌ಡ್ರೈವ್‌ಗೆ ಹಾಕಿ ಟಿ.ವಿ.ಗೆ ಸಿಗಿಸಬೇಕಿತ್ತು ಅಂತೀರಿ. ಅದನ್ನೂ ಮಾಡಿದೆ ನೋಡ್ರಿ. ಪೆನ್‌ಡ್ರೈವ್ ಫ್ಯಾಟ್-32 ಪದ್ಧತಿದಂತ, ಅದರಾಗ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯೂದಿಲ್ಲ. ನಮ್ಮದು 18 ಜಿಬಿ. ಬ್ಯಾರೆ ಪದ್ಧತಿಗೆ ಬದಲಿಸಿದ್ರ ನಮ್ಮ ಟಿ.ವಿ. ಅದನ್ನ ಓದಲೇ ಇಲ್ಲ.

ನಮ್ಮನಿಯವರು ಸಿಟ್ಟಿಗೆದ್ದು ಇಂಟರ್ನೆಟ್ಟಿನ ಪ್ಲ್ಯಾನ್ 50 ಇದ್ದದ್ದನ್ನ 150 ಮಾಡಿಸಿದ್ರು. ತಿಂಗಳಾ ಬಿಲ್ ಏರಿತು, ಚಕ್ರ ನಿಲ್ಲಲಿಲ್ಲ. ಪುಣೆದಾಗಿನ ಮಗ ಫೋನಿನಾಗ ನಕ್ಕ. "ಅಮ್ಮಾ, ವಿಡಿಯೋ ಮನ್ಯಾಗಿನ ಲ್ಯಾಪ್‌ಟಾಪಿಂದ ಮನ್ಯಾಗಿನ ಟಿ.ವಿ.ಗೆ ಹೊಂಟದ. ಹೊರಗಿನ ಇಂಟರ್ನೆಟ್ಟಿಗೂ ಇದಕ್ಕೂ ಏನ ಸಂಬಂಧ?"

ಖರೆ ಅನಿಸ್ತು. ನಮ್ಮ ಓಣಿಗೆ ನಳದ ನೀರು ದಿನಾ ಬರೂದಿಲ್ಲ, ಅದಕ್ಕ ಮನೀ ಮ್ಯಾಲೆ ಟಾಕಿ ಇಟ್ಟೀವಿ. ಟಾಕಿ ತುಂಬಿದ್ದಾಗೂ ಬಚ್ಚಲದಾಗ ನೀರು ಸಣ್ಣಗ ಬಂದ್ರ ಕಾರ್ಪೋರೇಶನ್ನಿಗೆ ಬೈದು ಉಪಯೋಗಿಲ್ಲ, ಮನ್ಯಾಗಿನ ಪೈಪೇ ಎಲ್ಲೋ ಸಣ್ಣದಾಗೇದ. ಬಫರಿಂಗ್ ಅಂದ್ರೂ ಅಷ್ಟ. ಟಿ.ವಿ. ಒಂದು ಬಕೀಟು ತುಂಬಿಕೊಂಡು ಅದರಿಂದ ತಂಬಿಗಿ ತಂಬಿಗಿ ತಕ್ಕೋತದ. ತುಂಬೂದಕ್ಕಿಂತ ತಗಿಯೂದು ಜಾಸ್ತಿ ಆದ್ರ ಬಕೀಟು ಖಾಲಿ. ಮತ್ತ ತುಂಬೋತನಾ ಚಕ್ರ ತಿರಗತದ.

ಎಷ್ಟು ನೀರು ಬೇಕು ಅಂತ ಕ್ಯಾಲೆಂಡರಿನ ಹಿಂದ ಲೆಕ್ಕಾ ಹಾಕಿದೆ. 18 ಜಿಬಿ ಅಂದ್ರ 18,000 ಮೆಗಾಬೈಟ್. ಒಂದು ಬೈಟಿಗೆ 8 ಬಿಟ್, ಒಟ್ಟು 1,44,000 ಮೆಗಾಬಿಟ್. 40 ನಿಮಿಷಕ್ಕ 2,400 ಸೆಕೆಂಡ್. ಭಾಗಿಸಿದ್ರ ಸೆಕೆಂಡಿಗೆ 60 ಮೆಗಾಬಿಟ್. ಆಮ್ಯಾಲೆ ಎಷ್ಟು ಬರ್ತದ ಅಂತ ನೋಡಿದೆ. ಫೋನ್ ಹಿಡಕೊಂಡು ರೌಟರ್ ಮುಂದ ಸ್ಪೀಡ್ ಟೆಸ್ಟ್ ಮಾಡಿದ್ರ 140. ಕೆಳಗ ಟಿ.ವಿ. ಮಗ್ಗಲಕ್ಕ ನಿಂತು ಮಾಡಿದ್ರ ಬರೇ 25! ಪೈಪು ಸಣ್ಣದಾದ ಜಾಗಾ ಸಿಕ್ಕಿತು.

ನಮ್ಮದು ಹಳೇ ಮನಿ, ಮಣ್ಣಿನ ಗೋಡಿ ಒಂದೂವರೆ ಫೂಟ ದಪ್ಪ. ವೈಫೈದಾಗ ಎರಡು ಥರಾ, 2.4 ಮತ್ತ 5. ಐದರದ್ದು ಜೋರು, ಆದ್ರ ಗೋಡಿ ದಾಟೂದರಾಗ ಸೋಲ್ತದ. 2.4 ದಾಟ್ತದ, ಆದ್ರ ನಿಧಾನ. ನಮ್ಮ ಟಿ.ವಿ. ನಿಧಾನದ್ದನ್ನ ಹಿಡದಿತ್ತು, ಹಳೇ ಲ್ಯಾಪ್‌ಟಾಪಿಗೂ ಅದೊಂದೇ ಗೊತ್ತು. ಅಂದ್ರ ವಿಡಿಯೋ ಲ್ಯಾಪ್‌ಟಾಪಿಂದ ರೌಟರಿಗೆ ಒಮ್ಮೆ, ರೌಟರಿಂದ ಟಿ.ವಿ.ಗೆ ಮತ್ತೊಮ್ಮೆ, ಒಂದೇ ಹಾದ್ಯಾಗ ಎರಡು ಸರ್ತಿ ಅಡ್ಡಾಡ್ತಿತ್ತು. 25ರಾಗ ಅರ್ಧಾ ಅಲ್ಲೇ ಹೋತು.

ಮೊದಲ ಲ್ಯಾಪ್‌ಟಾಪನ್ನ ರೌಟರಿಗೆ ವಾಯರ್ ಹಾಕಿ ಜೋಡಿಸಿದೆ. ಆಮ್ಯಾಲೆ ಕಬ್ಬಿಣದ ತಿಜೋರಿ ಹಿಂದ ಮುಚ್ಚಿಟ್ಟಿದ್ದ ರೌಟರನ್ನ ಹೊರಗ ತಗದು ಮಾಡದಾಗ ಇಟ್ಟೆ. ರೊಕ್ಕಾ ಇಲ್ಲದ ಕೆಲಸಾ, 25 ಇದ್ದದ್ದು 40 ಆತು. ಅತ್ತಿಯವರನ್ನ ಕೂಡಿಸಿ ಹಚ್ಚಿದೆ. ನಿಂತು ನಿಂತು ಓಡಿ ಕಡೀಕ ಮಾಮಾವರು ಬಂದ್ರು. ಕೆಮ್ಮಿ ಗಂಟಲಾ ಸರಿ ಮಾಡಿಕೊಂಡ್ರು. "ಸಾವಿರ ಹುಣ್ಣಿಮಿ ಕಂಡೆ ಅಂತೀರಿ. ಇಕಿ ಇಲ್ಲದಿದ್ರ..." ಅಂದ್ರು. ಚಕ್ರ.

"ಯಾಕ ನಿಂತ್ರು ಅವರು?" ಅಂತ ಅತ್ತಿಯವರು ನನ್ನ ಮಾರಿ ನೋಡಿದ್ರು. ನೆಟ್‌ವರ್ಕ್ ಅಂತ ಹ್ಯಾಂಗ ಹೇಳ್ಲಿ? ಅಡಿಗಿ ಮನಿಗೆ ಎದ್ದು ಹೋದೆ.

ಮರುದಿನ ಅಂಗಡಿಯವಗ ಫೋನ್ ಮಾಡಿ 20 ಮೀಟರ್ ಕ್ಯಾಟ್-6 ವಾಯರ್, ಎರಡೂ ತುದಿಗೆ ಪಿನ್ ಹಾಕಿಸಿ ತರಿಸಿದೆ. ಗೋಡಿ ಕೆಡ್ತದ ಅಂದ್ರು ನಮ್ಮನಿಯವರು. ಕೆಡ್ಲಿ ಅಂದೆ. ಮಾಳಿಗಿ ಸಂದಿಯಿಂದ ಇಳಿಸಿ, ಬಾಗಿಲಾ ಚೌಕಟ್ಟಿನ ಮ್ಯಾಲೆ ಕ್ಲಿಪ್ ಬಡದು, ಟಿ.ವಿ. ಹಿಂದ ಸಿಗಿಸಿದೆ. ನಮ್ಮ ಟಿ.ವಿ.ದ ವಾಯರಿನ ತೂತು 100ಕ್ಕಿಂತ ಜಾಸ್ತಿ ತಗೊಳ್ಳೂದಿಲ್ಲ. ಇರವಲ್ದ್ಯಾಕ, ನಮಗ ಬೇಕಾದದ್ದು 60.

ಸಂಜೀಕ ದೀಪಾ ಹಚ್ಚಿದ ಮ್ಯಾಲೆ ಕೂತ್ವಿ. 40 ನಿಮಿಷ, ಎಲ್ಲೂ ನಿಲ್ಲಲಿಲ್ಲ. ಮಾಮಾವರು ಕೆಮ್ಮಿದ್ರು. "ಸಾವಿರ ಹುಣ್ಣಿಮಿ ಕಂಡೆ ಅಂತೀರಿ. ಇಕಿ ಇಲ್ಲದಿದ್ರ ನಂಗ ಒಂದೂ ಕಾಣತಿರಲಿಲ್ಲ."

ಅತ್ತಿಯವರು ಸ್ವಲ್ಪ ಹೊತ್ತು ಸುಮ್ಮನ ಕೂತ್ರು. ಆಮ್ಯಾಲೆ ಸೆರಗಿಲೆ ಮೂಗು ಒರಸಿಕೊಂಡು, "ಅಷ್ಟು ಮಂದಿ ಮುಂದ ಅಂದಾರ, ಮನ್ಯಾಗ ಒಂದಿನಾನೂ ಅನಲಿಲ್ಲ ನೋಡು" ಅಂದ್ರು. ಮತ್ತ ಸಣ್ಣ ದನೀಲೆ, "ಇನ್ನೊಮ್ಮೆ ಹಚ್ಚವಾ."

ಹಚ್ಚಿದೆ. ಪ್ಲ್ಯಾನ್ ತಿರುಗಿ 50ಕ್ಕ ಇಳಿಸೀವಿ. ಗೋಡಿ ಮ್ಯಾಲೆ ವಾಯರ್ ಎದ್ದು ಕಾಣಸ್ತದ. ಬಂದವರು ಕೇಳ್ತಾರ, ಹೇಳ್ತೀನಿ.