ಹಳೆಯ ಸ್ಪೀಕರಿನಲ್ಲಿ ಉಳಿಸಬೇಕಾದದ್ದು

ಹೈದರಾಬಾದಿನ ಎರ್ರಗಡ್ಡದ ಭಾನುವಾರದ ಸಂತೆಯಾಗಲಿ, ಬೆಂಗಳೂರಿನ ಸಂಡೇ ಬಜಾರಾಗಲಿ, ಹಳೆಯ ಸ್ಪೀಕರಿಗೆ ಬೆಲೆ ಕಟ್ಟುವಾಗ ಮೊದಲು ಕೇಳುವ ಪ್ರಶ್ನೆ ‘ಎಲ್ಲ ಒರಿಜಿನಲ್ಲಾ?’ ಎಂಬುದು. ಪೆಟ್ಟಿಗೆಯ ಮರ, ಮುಂದಿನ ಬಟ್ಟೆ, ಕಂಪನಿಯ ಹೆಸರಿನ ಫಲಕ ಎಲ್ಲವೂ ಮೊದಲಿನದೇ ಆಗಿದ್ದರೆ ಕೊಳ್ಳುವವರಿಗೆ ಸಮಾಧಾನ. ನನಗೆ ಈ ಲೆಕ್ಕ ಸರಿಕಾಣುವುದಿಲ್ಲ. ಸ್ಪೀಕರು ಅಲುಗಾಡಿಕೊಂಡೇ ಬದುಕುವ ಯಂತ್ರ; ಅದರ ಮೂಲತನವೂ ಆ ಅಲುಗಾಟದಲ್ಲೇ ಇದೆ. ಅದನ್ನು ಉಳಿಸುವುದಕ್ಕಾಗಿ ಕೊಳೆತ ಭಾಗ ತೆಗೆದು ಹೊಸದು ಕೂರಿಸಿದರೆ ಅದು ದ್ರೋಹವಲ್ಲ. ಅಲುಗಾಟವೇ ಕೆಟ್ಟಮೇಲೆ, ಮಿಕ್ಕ ಪ್ರತಿಯೊಂದು ತಿರುಪೂ ಕಾರ್ಖಾನೆಯದೇ ಆಗಿದ್ದರೂ ದುರಸ್ತಿ ಸೋತಿತೆಂದೇ ಅರ್ಥ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಪ್ರಕಟಿಸಿದ ವಿನ್ಯಾಸವೇ ಮೂಲತಃ ಇಂದಿಗೂ ನಡೆದುಬಂದಿದೆ. ಆಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿ ಸುತ್ತಿದ ಕಾಯಿಲ್, ಅದಕ್ಕೆ ಅಂಟಿದ ಕಾಗದದ ಕೋನ್, ಕಾಯಿಲ್ ನಡುವಿನಿಂದ ಸರಿಯದಂತೆ ಹಿಡಿಯುವ ಸ್ಪೈಡರ್, ಕೋನನ್ನು ಚೌಕಟ್ಟಿಗೆ ಕಟ್ಟುವ ಮೆತ್ತನೆಯ ಅಂಚು. ಈ ಅಂಚಿನ ವಿಷಯದಲ್ಲಿ ವಯಸ್ಸಿನ ಲೆಕ್ಕ ತಲೆಕೆಳಗಾಗುತ್ತದೆ. 1950ರ ದಶಕದ ವಾಲ್ವ್ ರೇಡಿಯೊಗಳ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಕೋನಿನ ಕಾಗದವನ್ನೇ ಅಂಚಿನಲ್ಲಿ ಮಡಿಕೆಮಡಿಕೆಯಾಗಿ ಒತ್ತಿರುತ್ತಿದ್ದರು. ಇಲಿ, ಗೆದ್ದಲುಗಳ ಬಾಯಿಗೆ ಬೀಳದಿದ್ದರೆ ಅವು ಈಗಲೂ ನುಡಿಯುತ್ತವೆ. 1970ರ ದಶಕದಲ್ಲಿ ಫೋಮಿನ ಅಂಚು ವ್ಯಾಪಕವಾಗಿ ಬಳಕೆಗೆ ಬಂತು. ಅದು ಹಗುರ, ಚೆನ್ನಾಗಿ ಬಾಗುತ್ತದೆ, ಮಂದ್ರಕ್ಕೆ ಅನುಕೂಲ. ಆದರೆ ಗಾಳಿಯ ತೇವ ಪಾಲಿಯುರೆಥೇನಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ, ಹದಿನೈದಿಪ್ಪತ್ತು ವರ್ಷದಲ್ಲಿ ಬೆರಳು ತಾಗಿದರೆ ಪುಡಿ ಉದುರುತ್ತದೆ. ಒಮ್ಮೆಯೂ ಬಾರಿಸದೆ ಬಟ್ಟೆ ಮುಚ್ಚಿಟ್ಟ ಜೋಡಿಗೂ ಇದೇ ಗತಿ. ಹೀಗಿರುವಾಗ ಮೂಲ ಫೋಮನ್ನೇ ಕಾಪಾಡುತ್ತೇವೆ ಎಂಬ ಹಟಕ್ಕೆ ಅರ್ಥವೇನು? ಅಂಚು ಹರಿದ ಕೋನ್ ವಾಲುತ್ತದೆ, ಕಾಯಿಲ್ ಸಂದಿಯ ಗೋಡೆಗೆ ಉಜ್ಜಿ ಕೆಡುತ್ತದೆ. ಅಗ್ಗದ ಉಂಗುರವೊಂದನ್ನು ಉಳಿಸಹೋಗಿ, ಮತ್ತೆ ಸಿಗದ ಕಾಯಿಲನ್ನೇ ಕಳೆದುಕೊಂಡ ಹಾಗಾಗುತ್ತದೆ.

ಹಾಗೆಂದು ಕೈಗೆ ಸಿಕ್ಕ ಅಂಚು ಅಂಟಿಸಿದರೂ ನಡೆಯುವುದಿಲ್ಲ. ಬಿರುಸಾದ ಅಂಚು ಕೋನಿನ ಸಹಜ ಕಂಪನದ ಆವರ್ತನವನ್ನು ಮೇಲೇರಿಸಿ ಮಂದ್ರವನ್ನು ಕಡಿತಗೊಳಿಸುತ್ತದೆ. ದಪ್ಪ ರಬ್ಬರಿನದಾದರೆ ತೂಕ ಕೂಡಿ ಧ್ವನಿ ತಗ್ಗುತ್ತದೆ. ಇಲ್ಲಿ ಕಿವಿಯೊಂದನ್ನೇ ನಂಬಬಾರದು, ಏಕೆಂದರೆ ಕಷ್ಟಪಟ್ಟು ಜೋಡಿಸಿದವರ ಕಿವಿಗೆ ಎಲ್ಲವೂ ಇಂಪು. ಒಂದು ರೆಸಿಸ್ಟರ್, ಒಂದು ಮಲ್ಟಿಮೀಟರ್, ಫೋನಿನಿಂದ ಹೊರಡುವ ಶುದ್ಧ ಸ್ವರ ಇಷ್ಟಿದ್ದರೆ ಸಾಕು. ರೆಸಿಸ್ಟರಿನ ಮೂಲಕ ಸ್ವರ ಹಾಯಿಸಿ ಆವರ್ತನ ಬದಲಿಸುತ್ತ ಹೋದಾಗ ಸ್ಪೀಕರಿನ ತುದಿಗಳ ನಡುವೆ ವೋಲ್ಟೇಜು ಎಲ್ಲಿ ಶಿಖರ ಮುಟ್ಟುತ್ತದೋ ಅದೇ ಆ ಕಂಪನದ ಜಾಗ. ಅದು ತಯಾರಕರು ಕೊಟ್ಟ ಅಂಕಿಗೋ ಅಂಚು ಕೆಡದ ಜೊತೆಗಾರನ ಅಂಕಿಗೋ ಹತ್ತಿರ ಬಂದರೆ, ಹೊಸ ಅಂಚು ಹಳೆಯದರ ಕೆಲಸವನ್ನೇ ಮಾಡುತ್ತಿದೆ ಎನ್ನಬಹುದು.

ಇಷ್ಟೆಲ್ಲ ಯಾಕೆ, ಹೊಸ ಸ್ಪೀಕರೇ ಅಗ್ಗವಾಗಿ ಸಿಗುತ್ತದಲ್ಲವೇ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆಸ್ಟ್ರೇಲಿಯದ ಎಂಜಿನಿಯರ್ ಥೀಲ್ ಅವರ 1961ರ ಪ್ರಬಂಧ, ಆಮೇಲೆ 1970ರ ದಶಕದಲ್ಲಿ ಸ್ಮಾಲ್ ಅವರ ಬರಹಗಳಿಂದಾಗಿ ಪೆಟ್ಟಿಗೆಯ ಅಳತೆಯನ್ನು ಲೆಕ್ಕ ಹಾಕಿಯೇ ಮಾಡುವುದು ಸಾಧ್ಯವಾಯಿತು. ಇಂದಿನ ಪುಟ್ಟ ಪೆಟ್ಟಿಗೆಯಿಂದ ಇಷ್ಟು ಮಂದ್ರ ಹೊರಡುವುದು ಆ ವಿದ್ಯೆಯ ಫಲ. ಆದರೆ ಹಳೆಯ ಸ್ಪೀಕರು ಒಂಟಿಯಲ್ಲ. ಅದರ ಬೆನ್ನಿಗೊಂದು ರೇಡಿಯೊ ಇದೆ. ಆ ರೇಡಿಯೊದ ಒಂದೇ ಔಟ್‌ಪುಟ್ ವಾಲ್ವು ಕೊಡುವುದು ನಾಲ್ಕೈದು ವಾಟ್. ಅಷ್ಟರಲ್ಲೇ ಮನೆ ತುಂಬಲೆಂದು ಹಗುರ ಕಾಗದದ, ದೊಡ್ಡ ಕೋನ್ ಮಾಡಿದ್ದರು. ಸಂವೇದನಶೀಲತೆಯಲ್ಲಿ 10 ಡೆಸಿಬೆಲ್ ಹಿಂದಿರುವ ಇಂದಿನ ಸ್ಪೀಕರು ಅಷ್ಟೇ ಜೋರಾಗಿ ನುಡಿಯಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಇನ್ನೂ ಹಿಂದಕ್ಕೆ, ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೊ, ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಆಕಾಶವಾಣಿ ಎರಡೂ ಬಾನುಲಿ ಕೇಂದ್ರಗಳು ನುಡಿಯುತ್ತಿದ್ದ 1935ರ ಹೊತ್ತಿಗೆ ಹೋದರೆ, ಬಹಳಷ್ಟು ರೇಡಿಯೊಗಳ ಸ್ಪೀಕರಿನಲ್ಲಿ ಶಾಶ್ವತ ಆಯಸ್ಕಾಂತವೇ ಇರುತ್ತಿರಲಿಲ್ಲ. ವಿದ್ಯುತ್ ಹರಿಸಿ ಆಯಸ್ಕಾಂತವಾಗಿಸುವ ಸುರುಳಿ ಇರುತ್ತಿತ್ತು. ಅದೇ ಸುರುಳಿ ರೇಡಿಯೊದ ವಿದ್ಯುತ್ ಪೂರೈಕೆಯ ಗುಂಯ್‌ಗುಡುವಿಕೆಯನ್ನೂ ಅಡಗಿಸುತ್ತಿತ್ತು. ಅಂಥ ಸ್ಪೀಕರು ಕಿತ್ತು ಹೊಸದನ್ನಿಟ್ಟರೆ ರೇಡಿಯೊದ ವಿದ್ಯುತ್ ವ್ಯವಸ್ಥೆಯನ್ನೇ ತಿದ್ದಬೇಕಾಗುತ್ತದೆ.

ಹಳೆಯ ಸ್ಪೀಕರು ದುರಸ್ತಿಯ ಈ ಹವ್ಯಾಸಕ್ಕೆ ಹೈದರಾಬಾದಿನ ಬಾಲಾನಗರದಂಥ ಜಾಗ ಹೇಳಿಮಾಡಿಸಿದ್ದು. ಹಿಂದೂಸ್ತಾನ್ ಏರೋನಾಟಿಕ್ಸ್‌ನ ಏವಿಯಾನಿಕ್ಸ್ ವಿಭಾಗ, 1968ರಲ್ಲಿ ಆರಂಭವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್, ಸುತ್ತಮುತ್ತ ಜಾಬ್ ವರ್ಕ್ ಮಾಡುವ ಸಣ್ಣ ಲೇತ್ ಶೆಡ್ಡುಗಳು ಇರುವ ಪ್ರದೇಶವದು. ಬಿಡಿಭಾಗ ಮಾಡುವ ಕಂಪನಿ ಮುಚ್ಚಿಹೋಗಿದ್ದರೂ ಕಾಯಿಲ್ ಸುತ್ತಲು ಅಳತೆಗೆ ಸರಿಯಾದ ಅಚ್ಚು, ಅಂಚನ್ನು ಒತ್ತಿಹಿಡಿಯುವ ಅಲ್ಯುಮಿನಿಯಂ ಬಳೆ, ಬ್ರಿಟಿಷ್ ವಿನ್ಯಾಸದ ರೇಡಿಯೊಗಳ ಬ್ರಿಟಿಷ್ ಅಸೋಸಿಯೇಷನ್ (ಬಿ.ಎ.) ಅಳತೆಯ ತಿರುಪು ಇವೆಲ್ಲ ಲೇತಿನಲ್ಲಿ ಒಂದೊಂದಾಗಿಯೇ ಆಗುವ ಕೆಲಸ. ಆದರೆ ಲೇತ್ ಪಕ್ಕದಲ್ಲೇ ಇದೆಯೆಂದು ಆಯಸ್ಕಾಂತವನ್ನೂ ಬಿಚ್ಚಿ ಒಳಗಿನ ಕಬ್ಬಿಣವನ್ನು ಒಂದಿಷ್ಟು ಸವೆಸೋಣ ಎಂದು ಹೊರಟರೆ ಕೆಟ್ಟಿತು. 1978ರಲ್ಲಿ ಝಾಯಿರ್‌ನ (ಇಂದಿನ ಕಾಂಗೋ) ಸಂಘರ್ಷದಿಂದ ಕೋಬಾಲ್ಟ್ ದುಬಾರಿಯಾಗಿ ತಯಾರಕರು ಫೆರೈಟಿಗೆ ಸರಿಯುವ ಮುಂಚೆ ಹಲವು ಒಳ್ಳೆಯ ಸ್ಪೀಕರುಗಳಲ್ಲಿ ಇದ್ದದ್ದು ಕೋಬಾಲ್ಟ್ ಬೆರೆತ ಆಲ್ನಿಕೊ ಆಯಸ್ಕಾಂತ. ಸುತ್ತಲಿನ ಕಬ್ಬಿಣದಿಂದ ಬೇರ್ಪಡಿಸಿದ ಕೂಡಲೇ ಅದರ ಕಾಂತಶಕ್ತಿ ಕುಂದುತ್ತದೆ. ಮತ್ತೆ ಜೋಡಿಸಿದರೆ ತಾನಾಗಿ ಮರಳುವುದಿಲ್ಲ, ಕಾಂತೀಕರಿಸುವ ಯಂತ್ರವೇ ಬೇಕು. ಸ್ಪೈಡರ್ ಬಿಚ್ಚಿ ಸಂದಿ ತೆರೆಯುವ ಕೆಲಸವನ್ನಂತೂ ಶೆಡ್ಡಿನೊಳಗೆ ಮಾಡಲೇಬಾರದು. ಲೇತಿನಿಂದ ಉದುರುವ ಕಬ್ಬಿಣದ ಪುಡಿಯನ್ನು ಆಯಸ್ಕಾಂತ ಎಳೆದುಕೊಳ್ಳುತ್ತದೆ, ಕಾಯಿಲಿನ ಪ್ರತಿ ಏರಿಳಿತಕ್ಕೂ ಅದು ಕರಕರ ಎನ್ನುತ್ತದೆ. ಹಾಗಾಗಿ ಭಾಗಗಳನ್ನಷ್ಟೇ ಅಲ್ಲಿ ಮಾಡಿಸಿ, ಮನೆಯ ಚೊಕ್ಕ ಮೇಜಿನ ಮೇಲೆ ಜೋಡಿಸಬೇಕು. ಗಮ್ ಒಣಗುವ ಮುನ್ನ ಅತಿ ತಗ್ಗಿನ ಸ್ವರ ಹಾಯಿಸಿ ಕಾಯಿಲ್ ಎಲ್ಲೂ ತಾಗದೆ ಏರಿಳಿಯುತ್ತಿದೆಯೇ ಎಂದು ನೋಡಿಕೊಳ್ಳಬೇಕು. ತಾಗಿದರೆ ಕೋನನ್ನು ಕೂದಲೆಳೆಯಷ್ಟು ಸರಿಸಲು ಅದೊಂದೇ ಹೊತ್ತು. ಗಮ್ ಹಿಡಿದಮೇಲೆ ಅಂಚನ್ನು ಮತ್ತೆ ಕೀಳಬೇಕಾಗುತ್ತದೆ.