ಈಚಲಿನ ದಾಯಾದಿ ಖರ್ಜೂರ

ದೇವನಹಳ್ಳಿ ಸುತ್ತಿನ ಕೆರೆಯಂಗಳ, ಹೊಲದ ಬದುಗಳಲ್ಲಿ ಕಾಣುವ ಈಚಲು ಖರ್ಜೂರದ ದಾಯಾದಿಯೇ. ಈಚಲ ಹಣ್ಣಲ್ಲಿ ಬೀಜವೇ ಜಾಸ್ತಿ, ತಿರುಳು ತೆಳು. ಖರ್ಜೂರದಲ್ಲಿ ತಿರುಳೂ ತುಂಬಿದೆ, ಸಕ್ಕರೆಯೂ ತುಂಬಿದೆ: 100 ಗ್ರಾಂ ಒಣ ಹಣ್ಣಿನಲ್ಲಿ 60 ಗ್ರಾಂ ದಾಟುತ್ತದೆ. ರಂಜಾನ್ ಉಪವಾಸ ಬಿಡುವಾಗ ಮೊದಲು ಇದನ್ನೇ ಬಾಯಿಗಿಡುವುದು ಎಷ್ಟು ಸರಿ! ದಣಿದ ದೇಹಕ್ಕೆ ಕೂಡಲೇ ಕಸುವು ಸಿಗುತ್ತದೆ. ಜೊತೆಗೆ ಏಳೆಂಟು ಗ್ರಾಂ ನಾರು, ಬೇಕಾದಷ್ಟು ಪೊಟ್ಯಾಸಿಯಂ, ಮಲಬದ್ಧತೆಗೂ ಒಳ್ಳೆಯದು.

ಆದರೆ ‘ಹಣ್ಣಿನ ಸಕ್ಕರೆ ತಾನೇ, ಏನೂ ಆಗಲ್ಲ’ ಎಂದು ಸಕ್ಕರೆ ಕಾಯಿಲೆಯ ಹಿರಿಯರಿಗೆ ಬಟ್ಟಲು ತುಂಬಾ ಕೊಡುವುದನ್ನು ಕಂಡರೆ ಸಂಕಟವಾಗುತ್ತದೆ. ಗಲ್ಫಿನಿಂದ ಬಂದ ನೆಂಟರು ಡಬ್ಬಿ ತಂದಿದ್ದರೆ ದಿನಕ್ಕೆ ಎರಡು ಮೂರು ಸಾಕು, ಒಂದು ಹಿಡಿ ಕಡಲೆಕಾಯಿ ಜೊತೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ದಯವಿಟ್ಟು ಡಾಕ್ಟರನ್ನು ಕೇಳಿಯೇ ತಿನ್ನಿ.